ಹಿಂದೆ ಎದ್ದ ಕಾರು

ನಮ್ಮ ಕಾಕಾ ಕೊಂಡಿದ್ದ ಹಳೆಯ ಬಿಳಿ ಕಾರಿನ ಹಿಂಬದಿ ಕುಸಿದಿತ್ತು. ನಿಂತರೆ ನಾಯಿ ಕುಂಡಿಯೂರಿ ಕೂತಂತೆ ಕಾಣುತ್ತಿತ್ತು. ಆ ಭಂಗಿಯನ್ನು ಓಣಿಯವರಿಗೆ ಮಾಡಿ ತೋರಿಸಲು ಹೋಗಿ ನಾನೊಂದು ಪ್ಯಾಂಟು ಹರಿದುಕೊಂಡೆ.

ತನಗೆ ಹೆಣ್ಣು ನೋಡಲು ಬೀಳಗಿಗೆ ಹೋಗುವುದೆಂದಾದ ಮೇಲೆ ಕಾಕಾ ಕಾರಿನ ಬಗ್ಗೆ ನಗುವುದನ್ನು ಬಿಟ್ಟ. ವಯಸ್ಸು ಮೂವತ್ತಾರು, ಎರಡು ಕಡೆ ಬೇಡ ಅಂದಾಗಿತ್ತು. ನಮ್ಮ ಜಮಖಂಡಿಯ ಮಿಸ್ತ್ರಿಯಿಂದ ಹಿಂದಿನ ಸ್ಪ್ರಿಂಗಿಗೆ ಎರಡು ಪ್ಲೇಟು ಹೆಚ್ಚಿಗೆ ಹಾಕಿಸಿದ. ಈಗ ಹಿಂಬದಿ ಗೇಣುದ್ದ ಎದ್ದು, ಮೂತಿ ನೆಲ ಮೂಸುವಂತಾಯಿತು.

"ಭಾರ ಇದ್ದಾವ್ರನ್ನ ಹಿಂದ ಕುಂದರಸ್ರಿ, ಸಮ ಆಗತೈತಿ," ಎಂದ ಮಿಸ್ತ್ರಿ.

ನಮ್ಮಲ್ಲಿ ಭಾರವೆಂದರೆ ದೊಡ್ಡಪ್ಪ. ಆದರೆ ಮುಂದಿನ ಸೀಟು ಹಿರಿಯರದು.

"ನಾ ಏನ್ ಹಿಂಡಿ ಚೀಲ ಏನಲೇ, ಹಿಂದ ಒಗ್ಯಾಕ?"

"ಅಣ್ಣಾ, ಇದೊಂದ್ ದಿವ್ಸ ರೀ. ಹುಡುಗೀ ಮನಿ ಮುಂದ ಗಾಡಿ ಸಮ ಕಾಣಬೇಕು."

ದೊಡ್ಡಪ್ಪ ಅತ್ತೆಯರಿಬ್ಬರ ನಡುವೆ ಮುಖ ಊದಿಸಿ ಕೂತರು. ಕಡ್ಡಿಯಂಥ ನಾನು ಮುಂದೆ, ಗಾಡಿ ಹೊಡೆಯುವ ಕಾಕಾನ ಪಕ್ಕ.

ಹುಡುಗಿಯ ಮನೆಯವರು ಡ್ಯಾಮಿನ ಹಿನ್ನೀರಿಗೆ ಊರು ಬಿಟ್ಟು ಹೊಸ ಪ್ಲಾಟಿನಲ್ಲಿ ಮನೆ ಕಟ್ಟಿದವರು. ಕಾರು ಸಮವಾಗಿಯೇ ಹೋಗಿ ನಿಂತಿತು. ಅವಳ ತಂದೆ ಮುಂದಿನ ಬಾಗಿಲು ತೆಗೆದು ನನ್ನ ಕೈ ಹಿಡಿದರು. "ಬರ್ರಿ, ಬರ್ರಿ! ಹುಡುಗ ಛಲೋ ಅದಾನ." ಕಾಕಾನತ್ತ ತಿರುಗಿ, "ಡ್ರೈವರ್, ಗಾಡಿ ಗ್ವಾಡಿ ಬಾಜೂಕ ಹಚ್ಚಪಾ," ಎಂದು ಗೋಡೆಯತ್ತ ಕೈ ಮಾಡಿದರು.

ನಾನು ಅಲ್ಲೇ ಬಾಯಿ ಬಿಡಬೇಕಿತ್ತು. ಬದಲಿಗೆ ವರನ ಹಾಗೆ ತಲೆ ತಗ್ಗಿಸಿ ಕಾಲಿಗೆ ನೀರು ತಗೊಂಡೆ. ಅಷ್ಟು ಮರ್ಯಾದೆ ನನಗೆ ಮುಂದೆ ಎಲ್ಲೂ ಸಿಕ್ಕಿಲ್ಲ.

ಅತ್ತೆಯರಲ್ಲೊಬ್ಬಳು ಚೀರಿದಳು. "ಅಯ್ಯ, ಇಂವ ಅಲ್ರೀ! ಗಾಡಿ ಹಚ್ಚಾಕ ಹೋದಾವ ವರ!"

ಕಾಕಾನನ್ನು ಕರೆತಂದು ಕೂಡಿಸಿದರು. ಅವನು ನೆಲ ನೋಡುತ್ತಿದ್ದ. ಕಿಟಕಿಯಾಚೆ ಭಾರವಿಳಿದ ಕಾರು ಮತ್ತೆ ಹಿಂಬದಿ ಎತ್ತಿ ನಿಂತಿತ್ತು. ಚಹಾ ಕೊಟ್ಟ ಹುಡುಗಿಗೆ ತಂದೆ, "ಏನರ ಕೇಳೂದಿದ್ರ ಕೇಳವಾ," ಅಂದರು.

"ಗಾಡಿ ಯಾಕ್ರೀ ಹಿಂದ ಎದ್ದೈತಿ?"

"ಮೊದಲ ಕುಂತಿತ್ರೀ," ಕಾಕಾ ಗೊಣಗಿದ. "ಎರಡು ಪ್ಲೇಟು ಹಾಕಸೇನಿ."

"ಹಂಗಾರ ಒಂದು ತಗಸ್ರಿ."

ಮಿಸ್ತ್ರಿ, ಕಾಕಾ, ದೊಡ್ಡಪ್ಪ, ಬಿ.ಕಾಂ. ಮುಗಿಸಿದ ನಾನು: ಒಬ್ಬನಿಗೂ ಇದು ಹೊಳೆದಿರಲಿಲ್ಲ. ಕಾಕಾ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಅವನ ಒಪ್ಪಿಗೆ ಅಲ್ಲೇ ಆಯಿತು.

ಅವಳದಕ್ಕೆ ಒಂದು ವಾರ ಹಿಡಿಯಿತು. ಪ್ಲೇಟು ತೆಗೆಸಿದ್ದು ಖರೆಯೋ ಸುಳ್ಳೋ ಎಂದು ಅವಳಣ್ಣ ಜಮಖಂಡಿಗೆ ಬಂದು, ಕಾರಿನ ಕೆಳಗೆ ಮಲಗಿ, ನೋಡಿ ಹೋದ ಮೇಲೆ ಹೂಂ ಅಂತ ಹೇಳಿ ಕಳಿಸಿದಳು.