ಮೈನಸ್ ಒತ್ತಿದರೆ ಸಸಿ, ಪ್ಲಸ್ ಒತ್ತಿದರೆ ಕೂಸು

ಮೊಮ್ಮಗಳು ಹುಟ್ಟಿದ ವಾರಕ್ಕೇ ನಮ್ಮ ಯಜಮಾನರು ಬಾಗಿಲ ಎದುರಿಗೆ ಒಂದು ತೆಂಗಿನ ಸಸಿ ನೆಟ್ಟರು. ಅದು ಕೂಸಿನ ಗಿಡ. ಗಿಡವನ್ನೂ ಕೂಸನ್ನೂ ಒಂದೇ ಫೋಟೊದಲ್ಲಿ ಹಿಡಿಯಬೇಕೆಂಬ ಆಸೆ ನನಗೆ ಹತ್ತಿಕೊಂಡಿತು. ಅಳಿಯಂದಿರು ತಮ್ಮ ಡಿಜಿಟಲ್ ಕ್ಯಾಮೆರಾ ನಮ್ಮಲ್ಲೇ ಬಿಟ್ಟು ತುರುವೇಕೆರೆಗೆ ಹೋಗಿದ್ದರು. ಮಗಳು ಬಾಣಂತಿ, ಹಾಗಾಗಿ ಕ್ಯಾಮೆರಾ ನನ್ನ ಕೈಗೆ ಬಂತು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಆದರೂ ಕರು, ಕೋಳಿ, ಅಟ್ಟದ ಮೇಲಿನ ಕೊಬ್ಬರಿ, ಕಂಡದ್ದನ್ನೆಲ್ಲ ತೆಗೆದೆ. ಖುಷಿಯೋ ಖುಷಿ!

ಕೂಸು ಮಾತ್ರ ಹೊಸಿಲು ದಾಟುವಂತಿರಲಿಲ್ಲ. ತಿಂಗಳು ತುಂಬದ ಎಳೇ ಕೂಸನ್ನು ಬಿಸಿಲಿಗೆ ಒಯ್ಯುವ ಪದ್ಧತಿ ನಮ್ಮಲ್ಲಿಲ್ಲ. ಅಜ್ಜ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೊಸಿಲ ಒಳಗೇ ಕೂತರು, ನಾನು ನಡುಮನೆಯಿಂದ ಒತ್ತಿದೆ. ಕೂಸಿನ ಮುಖ ಕಂಡರೆ ಆಚೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗೆ, ಸಸಿಯೇ ಇಲ್ಲ. ಸಸಿ ಕಂಡರೆ ಅಜ್ಜ ಮೊಮ್ಮಗಳಿಬ್ಬರೂ ಹಂಚಿನ ತಳದ ಹಾಗೆ ಕಪ್ಪು. ಕೂಸಿನ ಕಣ್ಣಿಗಾಗದೆಂದು ಫ್ಲಾಷ್ ಹಾಕಲು ಅಜ್ಜ ಬಿಡಲಿಲ್ಲ. ಭಾನುವಾರಕ್ಕೆ ತಿಂಗಳು ತುಂಬುತ್ತದೆ, ತಾಯಿಮಗು ತುರುವೇಕೆರೆಗೆ ಹೊರಟುಬಿಡುತ್ತಾರೆ. ನನಗೆ ಚಡಪಡಿಕೆ.

ಅಳಿಯನಿಗೆ ಫೋನು ಮಾಡಿಸಿದೆ.

"ಒಂದ್ರಲ್ಲಿ ಆಗಲ್ಲ ಅತ್ತೆ. ಮೂರು ತೆಗೀರಿ. ಒಂದು ಕಪ್ಪಗೆ, ಒಂದು ಸರಿಯಾಗಿ, ಒಂದು ಬೆಳ್ಳಗೆ. ನಾನು ಬಂದು ಕಂಪ್ಯೂಟರ್‌ನಲ್ಲಿ ಸೇರಿಸ್ತೀನಿ. ಎಚ್‌ಡಿಆರ್ ಅಂತಾರೆ ಅದಕ್ಕೆ."

"ಕೆಟ್ಟಿರೋವೆಲ್ಲ ಸೇರಿದ್ರೆ ಒಳ್ಳೇದು ಹೆಂಗಪ್ಪಾ ಆಯ್ತದೆ?"

"ಆಗುತ್ತೆ. ಕ್ಯಾಮೆರಾ ಅಲ್ಲಾಡಬಾರ್ದು ಅಷ್ಟೆ."

ಪ್ಲಸ್ಸು ಮೈನಸ್ಸು ಎಲ್ಲಿದೆಯೆಂದು ಮಗಳು ತೋರಿಸಿದಳು. ಮೈನಸ್ ಮಾಡಿದರೆ ಮನೆ ಕತ್ತಲಾಗಿ ಸಸಿ ಕಾಣಿಸುತ್ತದೆ, ಪ್ಲಸ್ ಮಾಡಿದರೆ ಕೂಸು ಕಂಡು ಸಸಿ ಮಾಯ. ಕಳೆದರೆ ಬರುವುದು, ಕೂಡಿದರೆ ಹೋಗುವುದು, ಇದು ಯಾವ ಮಗ್ಗಿಯೋ ನನಗೆ ತಿಳಿಯಲಿಲ್ಲ. ಸ್ಟೂಲಿನ ಮೇಲೆ ರಾಗಿ ತುಂಬಿದ ಬಟ್ಟೆಚೀಲವಿಟ್ಟು, ಅದರಲ್ಲಿ ಕ್ಯಾಮೆರಾ ಹುದುಗಿಸಿ, ಕೂಸು ನಿದ್ದೆಗೆ ಹೋದ ಮೇಲೆ ಮೂರು ತೆಗೆದೆ.

ಮೂರು ಅಶುಭ, ಅಲ್ಲಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ. ಯಾರ ತಟ್ಟೆಗೂ ಮೂರು ರೊಟ್ಟಿ ಹಾಕಿದ ಕೈಯಲ್ಲ ಇದು, ಒಂದು ಚೂರಾದರೂ ಮುರಿದು ಜೊತೆಗಿಡುತ್ತೇನೆ. ಅದೂ ಅಲ್ಲದೆ ಇದು ಕೂಸಿನ ವಿಷಯ. ಇನ್ನೊಂದು ಒತ್ತಿದೆ. ಮುಗಿಯಿತೆಂದು ಅಜ್ಜ ಅಷ್ಟರಲ್ಲಿ ಏಳುತ್ತಿದ್ದರು.

ಭಾನುವಾರ ಅಳಿಯ ಲ್ಯಾಪ್‌ಟಾಪ್ ತೆರೆದು, ಎಣಿಸದೆ ನಾಲ್ಕನ್ನೂ ಸೇರಿಸಿದರು. ಮಗಳು ಕಿಸಕ್ಕನೆ ನಕ್ಕಳು.

"ಅವ್ವ, ಅಪ್ಪನ ಹೊಟ್ಟೆ ಒಳಗೆ ಗಿಡ ನೋಡು!"

ನಿಜವೇ. ಯಜಮಾನರು ಹೊಗೆಯಂತೆ ನಿಂತಿದ್ದರು, ಅವರ ಹೊಟ್ಟೆಯ ಮೂಲಕ ಸಸಿ ಕಾಣುತ್ತಿತ್ತು. ಕೂಸಿಗೆ ಮುಖವೇ ಇರಲಿಲ್ಲ.

"ನೀರು ಹೊಯ್ದೋನು ನಾನಲ್ವಾ, ನನ್ನೊಳಗೇ ಬೇರು ಬುಟ್ಟೈತೆ ಬುಡು" ಎಂದರು ಯಜಮಾನರು.

"ಅತ್ತೆ, ಮೂರೇ ಅಂದಿದ್ನಲ್ಲಾ?"

"ಮೂರಕ್ಕೆ ನಿಲ್ಲಿಸ್ತಾರೇನಪ್ಪಾ, ಕೂಸಿಂದು?"

ಅಳಿಯ ನಾಲ್ಕನೆಯದನ್ನು ಪಕ್ಕಕ್ಕಿಟ್ಟು ಮತ್ತೆ ಸೇರಿಸಿದರು. ಅದನ್ನು ಅಳಿಸಬೇಡಿ ಎಂದು ನಾನು ಕೈ ಹಿಡಿದೇ ಹೇಳಿದೆ. ಪರದೆಯ ಮೇಲೆ ಅಜ್ಜ ಬಂದರು, ಅವರ ತೊಡೆಯ ಮೇಲೆ ಕೆನ್ನೆಯ ಕಾಡಿಗೆಬೊಟ್ಟಿನ ಸಮೇತ ಕೂಸು ಬಂತು, ಆಚೆ ಬಿಸಿಲಲ್ಲಿ ಸಸಿ! ಯಾವುದರಿಂದ ಏನು ಬಂತೋ ನಾನರಿಯೆ, ಅಳುವುದೋ ನಗುವುದೋ ಅದೂ ತಿಳಿಯಲಿಲ್ಲ.

ಪ್ರಿಂಟು ಕೈಸೇರುವ ಹೊತ್ತಿಗೆ ಕೂಸು ಊರಲ್ಲಿರಲಿಲ್ಲ. ಪ್ರಿಂಟು ಹಿಡಿದು ಗಿಡದ ಮುಂದೆ ನಿಂತೆ. ಫೋಟೊದಲ್ಲಿ ಒಂದು ಗರಿ ಹೆಚ್ಚಿಗೆ ಇದೆ, ಗಿಡದಲ್ಲಿಲ್ಲ. ಗಾಳಿಗೆ ಅಲ್ಲಾಡಿ ಒಂದೇ ಗರಿ ಎರಡು ಕಡೆ ಬಿದ್ದಿದೆ ಎಂದು ಮಗಳು ಫೋನಿನಲ್ಲಿ ಹೇಳಿದಳು. ನಾನು ಒಪ್ಪದೆ ಮತ್ತೆ ಮತ್ತೆ ಎಣಿಸಿದೆ.

ಗಿಡಕ್ಕೆ ನೀರು ಹೊಯ್ಯುತ್ತಿದ್ದ ಯಜಮಾನರು ತಿರುಗಿ ನೋಡಿದರು. "ಅದು ಮುಂದೆ ಬರೋ ಗರಿ ಕಣೇ. ಕೂಸು ಬರೋ ಹೊತ್ಗೆ ಬಂದಿರ್ತದೆ. ಜರುಗು, ನೀರು ಬೀಳ್ತದೆ ಫೋಟೊ ಮೇಲೆ."