ಗಿಡುಗಕ್ಕೆ ಬಾತಿನ ಕಾಲು

ವಸ್ತುಸಂಗ್ರಹಾಲಯದಲ್ಲಿ ನಮ್ಮ ಚಿಕ್ಕಮ್ಮನನ್ನು ಎಲ್ಲರೂ ಕರೆಯುವುದು ಹಕ್ಕಿ ಡಾಕ್ಟರು ಎಂದೇ. ಡಾಕ್ಟರಿಕೆ ಎಂದರೆ ಮತ್ತೇನಿಲ್ಲ, ಗಾಜಿನ ಕಪಾಟಿನಲ್ಲಿ ಹತ್ತಿ ತುಂಬಿಸಿಕೊಂಡು ನಿಂತ ಸತ್ತ ಹಕ್ಕಿಗಳಿಗೆ ಹೊಲಿಗೆ ಹಾಕುವುದು, ಉದುರಿದ ಗರಿ ಅಂಟಿಸುವುದು. ಮೊದಲು ಬಟ್ಟೆ ಹೊಲಿಯುತ್ತಿದ್ದವಳು. "ಹಕ್ಕಿಗಳೇ ವಾಸಿ ಕಣೆ, ತೋಳು ಬಿಗಿ ಅಂತ ವಾಪಸ್ ತರಲ್ಲ" ಎನ್ನುತ್ತಿದ್ದಳು.

ನಾನು ಅಲ್ಲೇ ಬಾಗಿಲಲ್ಲಿ ಟಿಕೆಟ್ ಕೊಡುವವಳು. ಅವಳ ಬಾಯಿ ನನ್ನ ಕಿಟಕಿಯವರೆಗೂ ಕೇಳುತ್ತಿತ್ತು. "ಕೊಕ್ಕು ತೋರ್ಸಿ, ಊಟ ಏನಂತ ಹೇಳ್ತೀನಿ! ಕಾಲು ತೋರ್ಸಿ, ವಿಳಾಸ ಹೇಳ್ತೀನಿ!" ಎಂದು ಮಕ್ಕಳ ಮುಂದೆ ಜಂಬ ಕೊಚ್ಚಿಕೊಳ್ಳುವಳು. ಮರಕುಟಿಗದ ಬಾಲ ಯಾಕೆ ಗಟ್ಟಿ? ಕಾಂಡಕ್ಕೆ ಊರಿ ನಿಲ್ಲೋಕೆ. ಗೂಬೆ ಗರಿ ಯಾಕೆ ಮೆತ್ತಗೆ? ಹಾರಿ ಬರೋದು ಇಲಿಗೆ ಕೇಳಬಾರದಲ್ಲ!

ಇಂಥವಳ ಕೊಠಡಿಯನ್ನು ಮುಚ್ಚಿ ಮುರುಕು ಕುರ್ಚಿ ತುಂಬಬೇಕೆಂದು ಯಾವನಿಗೋ ಹೊಳೆಯಿತು ನೋಡಿ! ಮೇಲಿನ ಸಾಹೇಬರು ಬುಧವಾರ ಹನ್ನೊಂದಕ್ಕೆ ಬಂದು ನೋಡಿ ತೀರ್ಮಾನಿಸುವರಂತೆ. ಕೊಠಡಿ ಹೋದರೆ ಚಿಕ್ಕಮ್ಮನ ಕೆಲಸವೂ ಹೋಯಿತು.

ಚಿಕ್ಕಮ್ಮ ಸೆರಗು ಸಿಕ್ಕಿಸಿ ನಿಂತಳು. ಬಾತಿನ ಕಾಲು, ಗಿಡುಗದ ಕಾಲು ಎರಡೂ ತಂತಿ ತುಕ್ಕು ಹಿಡಿದು ಅಲ್ಲಾಡುತ್ತಿದ್ದವು. ಬಿಚ್ಚಿ, ಹೊಸ ತಂತಿ ಹಾಕಿ, ಬಣ್ಣ ಹಚ್ಚಿದಳು. ಹಸಿ ಬಣ್ಣಕ್ಕೆ ಬೆರಳು ತಾಗಬಾರದೆಂದು ಪ್ರತಿ ಕಾಲನ್ನೂ ಎಣ್ಣೆಕಾಗದದಲ್ಲಿ ಸಡಿಲವಾಗಿ ಸುತ್ತಿ, ಸುತ್ತಿದಂತೆಯೇ ಹಕ್ಕಿಗೆ ಸಿಕ್ಕಿಸುವುದು ಅವಳ ಪದ್ಧತಿ. ಒಣಗಿದ ಮೇಲೆ ಕಾಗದ ಬಿಚ್ಚುವುದು.

ಸಾಹೇಬರು ಹತ್ತೂವರೆಗೇ ಬಂದುಬಿಟ್ಟರು. ಅದೇ ಹೊತ್ತಿಗೆ ಒಂದು ಶಾಲೆಯ ಮಕ್ಕಳ ದಂಡು ಬೇರೆ. ಚಿಕ್ಕಮ್ಮ ಗಡಬಡಿಸಿ ಕಾಗದ ಕಿತ್ತಳು. ಅವರ ಹಿಂದೆಯೇ ಬಂದ ನಾನು ಕೊಠಡಿಯ ಬಾಗಿಲಲ್ಲೇ ಕಲ್ಲಾದೆ. ಗಿಡುಗ ಬಾತಿನ ಚಪ್ಪಟೆ ಪಾದ ಊರಿಕೊಂಡು ಸ್ನಾನಕ್ಕೆ ಹೊರಟವರ ಹಾಗೆ ನಿಂತಿತ್ತು. ಪಕ್ಕದಲ್ಲಿ ಬಾತು, ಗಿಡುಗದ ಕೊಕ್ಕೆಯುಗುರು ಚಾಚಿ ಜಗಳಕ್ಕೆ ಸಿದ್ಧವಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ತುರುಕಿಕೊಂಡೆ. ಚಿಕ್ಕಮ್ಮನ ಮುಖದಲ್ಲಿ ರಕ್ತವಿರಲಿಲ್ಲ.

ಸಾಹೇಬರು ಕಪಾಟಿನ ಮುಂದೆ ಬಂದರು. ಕನ್ನಡಕ ಏರಿಸಿದರು. "ಭೇಷ್! ಜೀವ ಇದ್ದ ಹಾಗೇ ಇವೆ" ಎಂದು ಪೆನ್ನು ತೆಗೆದರು.

ಅಬ್ಬಾ, ಬದುಕಿದೆವು ಎಂದುಕೊಂಡೆ. ಅಷ್ಟರಲ್ಲಿ ಎರಡು ಜಡೆಯ ಪುಟ್ಟಿಯೊಬ್ಬಳು ಗಾಜಿಗೆ ಮೂಗು ಒತ್ತಿ, "ಅಯ್ಯೋ ಪಾಪ, ಈ ಬಾತು ಈಜೋದು ಹೆಂಗೆ?" ಎಂದಳು.

"ಶ್! ದೊಡ್ಡೋರು ನೋಡಿ ಸರಿಯಿದೆ ಅಂದಿಲ್ವಾ?" ಎಂದು ಟೀಚರು ಗದರಿದರು. ಪುಟ್ಟಿಯ ಮುಖ ಬಾಡಿತು.

ಚಿಕ್ಕಮ್ಮ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ನಾನು ಕಣ್ಣಲ್ಲೇ ಕೈಮುಗಿದೆ. ಅವಳು ಕೇಳಬೇಕಲ್ಲ!

"ಅವಳ್ನ ಬೈಬೇಡಿ ಟೀಚರ್, ಅವಳು ಹೇಳಿದ್ದೇ ಸರಿ. ಕಾಲು ಅದಲು ಬದಲು ಮಾಡಿದ್ದು ನಾನು. ಬೆರಳ ಮಧ್ಯ ಚರ್ಮ ಇಲ್ದೆ ಈ ಬಾತು ನೀರು ತಳ್ಳೋಕಾಗಲ್ಲ. ಉಗುರಿಲ್ದೆ ಈ ಗಿಡುಗ ಒಂದು ಇಲೀನೂ ಹಿಡಿಯಲ್ಲ, ಎರಡೇ ದಿನಕ್ಕೆ ಉಪವಾಸ ಸಾಯುತ್ತೆ."

ಮಕ್ಕಳು ನಕ್ಕರು ನೋಡಿ, ಗಾಜು ನಡುಗಿತು! ಒಬ್ಬ ಬಾತಿನಂತೆ ನಡೆದು ಇಲಿ ಹಿಡಿಯಲು ಹೋಗಿ ದಬಕ್ಕನೆ ಬಿದ್ದ. ಉಳಿದವರು ಎಲ್ಲ ಕಪಾಟುಗಳಿಗೂ ಮುತ್ತಿಗೆ ಹಾಕಿ ಒಂದೊಂದೇ ಕಾಲು ತಪಾಸಣೆಗೆ ನಿಂತರು. ಟೀಚರೂ ಹೊಟ್ಟೆ ಹಿಡಿದುಕೊಂಡರು.

ಸಾಹೇಬರ ಕಿವಿ ಕೆಂಪಾಗಿತ್ತು. ಅವರು ಬಾತಿನ ಕಾಲನ್ನು ಈಗ ಬಗ್ಗಿ, ನಿಜವಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಫೈಲು ಬಿಚ್ಚಿ ಏನನ್ನೋ ಹೊಡೆದುಹಾಕಿದರು. ಚಿಕ್ಕಮ್ಮ ಇಣುಕಿದಳು, ಹಿಂದೆ ನಾನೂ ಇಣುಕಿದೆ. "ಪರಿಶೀಲಿಸಲಾಯಿತು. ಕೊಠಡಿ ಮುಚ್ಚಬಹುದು" ಎಂದು ಆಗಲೇ ಅಚ್ಚುಕಟ್ಟಾಗಿ ಟೈಪಾಗಿತ್ತು. ಮೇಲೆ ಹಸಿ ಶಾಯಿಯ ಗೀಟು.

ಚಿಕ್ಕಮ್ಮ ಸೊಂಟಕ್ಕೆ ಕೈಯಿಟ್ಟಳು.

"ನೋಡೋಕೆ ಮುಂಚೇನೇ ಬರ್ಕೊಂಡು ಬಂದಿದ್ರಾ ಸಾರ್?"

ಸಾಹೇಬರು ತಲೆ ತಗ್ಗಿಸಿ, "ಹೂಂ ಕಣಮ್ಮ" ಎಂದರು.