ಕಿಸೆಯಿಲ್ಲದ ಅಂಗಿಯಲ್ಲಿ ಮುಂಬೈ

ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದು ನನಗೆ ನೆನಪಿರಲಿಲ್ಲ. ಹೆಂಡತಿಗೆ ನೆನಪಿತ್ತು, ಆದರೆ ಅವಳು ಹೇಳಲಿಲ್ಲ. ಹೇಳಿದ್ದು ಮಗಳು. ಊಟಕ್ಕೆ ಕೂತಾಗ ರೊಟ್ಟಿ ಮುರಿಯುತ್ತ, "ಅಪ್ಪಾ, ನೀನೂ ಮಮ್ಮಿನೂ ಮುಂಬೈಗೆ ಹೊಂಟೀರಿ. ಹೋಟೆಲ್ ಬುಕ್ ಮಾಡೇನಿ," ಎಂದಳು.

"ಯಾಕ?" ಎಂದೆ.

"ಸುಮ್ನ. ತಿರಗಾಡಾಕ."

ನಾನು ಬೈಲಹೊಂಗಲದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟವನು. ಸುತ್ತಲಿನ ಹಳ್ಳಿಗಳಲ್ಲಿ ಬೋರಿನ ಮೋಟರ್ ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಇಷ್ಟು ವರ್ಷಗಳಲ್ಲಿ ನಾನು ಊರು ಬಿಟ್ಟದ್ದು ಲಗ್ನಕ್ಕೆ, ಯಾರಾದರೂ ಸತ್ತಾಗ ಮಣ್ಣಿಗೆ ಮತ್ತು ತಾಮ್ರದ ತಂತಿ ತರುವುದಕ್ಕೆ. ಸುಮ್ಮನೆ ತಿರುಗಾಡುವುದಕ್ಕೆ ಹೇಗೆ ಹೋಗಬೇಕೆಂದು ತಿಳಿದಿರಲಿಲ್ಲ. ಅವ್ವನ ಮುಖ ನೋಡಿದೆ. ಬೇಡ ಅನ್ನುತ್ತಾಳೆಂಬ ಭರವಸೆ ಇತ್ತು. ಅವ್ವ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟು, "ಹೋಗಿ ಬರ್ರಿ. ಹಗಲೆಲ್ಲ ಆ ಮೋಟರ್ ಮುಂದ ಕುಂತು ನಿನ್ನ ಮುಖಾನೂ ಮೋಟರ್ ಆಗೇತಿ," ಎಂದಳು.

ತಯಾರಿಯನ್ನೆಲ್ಲ ಮಗಳೇ ಮಾಡಿದಳು. ನನ್ನ ಹತ್ತಿರ ಇರುವುದು ಬಿಳಿ ಅಂಗಿಗಳು ಮಾತ್ರ. ಎಲ್ಲ ಒಂದೇ ಥಾನಿನ ಬಟ್ಟೆ, ಒಬ್ಬನೇ ದರ್ಜಿ. ಅವನ್ನೆಲ್ಲ ಆಚೆ ಸರಿಸಿ ಗಜ್ಜರಿಯ ಕಿತ್ತಳೆ ಬಣ್ಣದ ಒಂದು ಟಿ-ಶರ್ಟ್ ತಂದುಕೊಟ್ಟಳು. ನಾನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಇದಕ್ಕ ಕಿಸೆ ಎಲ್ಲೈತಿ?"

"ಟಿ-ಶರ್ಟಿಗೆ ಕಿಸೆ ಇರೂದಿಲ್ಲಪ್ಪಾ."

"ಮತ್ತ ಟೆಸ್ಟರ್ ಎಲ್ಲಿ ಇಟ್ಕೊಳ್ಳಲಿ?"

"ಮುಂಬೈದಾಗ ನಿಂಗ ಟೆಸ್ಟರ್ ಯಾಕ ಬೇಕು?"

ನಾನು ಟಿ-ಶರ್ಟನ್ನು ಮಡಚಿ ಚೀಲಕ್ಕೆ ಹಾಕಿದೆ.

ಹೆಂಡತಿ ಸೀರೆ ಬಿಡುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದಳು. ತವರೂರು ದೊಡವಾಡದಿಂದ ಈ ಮನೆಗೆ ಬಂದ ದಿನದಿಂದ ತಲೆಯ ಮೇಲೆ ಸೆರಗು ಹೊತ್ತವಳು. ಆದರೆ ಮಗಳು ತಂದ ಕಪ್ಪು ಕನ್ನಡಕವನ್ನು ಒಂದು ಮಾತೂ ಆಡದೆ ಹಾಕಿಕೊಂಡಳು. ಇಳಕಲ್ ಸೀರೆ, ಸೆರಗು, ಅದರ ಕೆಳಗೆ ಕಪ್ಪು ಕನ್ನಡಕ. ಅವ್ವ ಅದನ್ನು ಇಸಿದುಕೊಂಡು ತಾನೂ ಹಾಕಿ ಅಂಗಳದ ಕಡೆ ನೋಡಿದಳು. "ಮೋಡ ಹಾಕಿದಂಗ ಐತಿ," ಎಂದು ವಾಪಸು ಕೊಟ್ಟಳು.

ಹೊರಡುವಾಗ ಅವ್ವ ಒಂದು ದೊಡ್ಡ ಬುತ್ತಿ ಕಟ್ಟಿದ್ದಳು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಹೆಂಡತಿ ಅತ್ತೆಯ ಮುಂದೆ ಅದನ್ನು ಭಕ್ತಿಯಿಂದ ತೆಗೆದುಕೊಂಡು, ಬಸ್ ಸ್ಟ್ಯಾಂಡಿಗೆ ನಮ್ಮನ್ನು ಬಿಡಲು ಬಂದಿದ್ದ ನನ್ನ ತಮ್ಮನ ಕೈಗೆ ಕೊಟ್ಟಳು. "ಅಂಗಡ್ಯಾಗ ಉಣ್ರಿ. ಅತ್ತಿಯವರಿಗೆ ಹೇಳಬ್ಯಾಡ್ರಿ," ಎಂದಳು. ಬೆಳಗಾವಿಯ ಬಸ್ಸು ಸಂಪಗಾಂವ ದಾಟುವತನಕ ನನ್ನ ಮನಸ್ಸು ಆ ಗಂಟಿನ ಹಿಂದೆಯೇ ಇತ್ತು. ಹಾಗಂತ ಅಂದೂ ಬಿಟ್ಟೆ.

"ದಿನಾ ನಾ ಬಡದದ್ದು ರೊಟ್ಟಿ," ಎಂದಳು. "ಎರಡ ದಿನ ನಾ ಮಾಡಲಾರದ್ದು ಏನರ ತಿನ್ನೋಣು."

ಬೆಳಗಾವಿಯಿಂದ ಸ್ಲೀಪರ್ ಬಸ್ಸು ಹಿಡಿದು ಮರುದಿನ ಬೆಳಿಗ್ಗೆ ಮುಂಬೈ ಮುಟ್ಟಿದೆವು. ದಾದರಿನ ಹೋಟೆಲ್ಲಿನಲ್ಲಿ ಮಗಳು ದಂಪತಿಗಳ ಕೋಣೆಯನ್ನೇ ಬುಕ್ ಮಾಡಿದ್ದಳು. ಮಂಚದ ಮೇಲೆ ಗುಲಾಬಿ ಪಕಳೆ ಹರಡಿ, ಎರಡು ಟವೆಲ್ಲುಗಳನ್ನು ಹಂಸಗಳ ಹಾಗೆ ಮಡಚಿ ಮುಖಾಮುಖಿ ಕೂರಿಸಿದ್ದರು. ನಾವು ಬಾಗಿಲಲ್ಲೇ ನಿಂತು ಅವನ್ನು ನೋಡಿದೆವು. ಜಳಕಕ್ಕೆ ಟವೆಲ್ ಬೇಕಾಗಿತ್ತು. ಹೆಂಡತಿ ಒಂದು ಹಂಸವನ್ನು ಮಾತ್ರ ಬಿಚ್ಚಿದಳು. ಇಬ್ಬರೂ ಅದರಲ್ಲೇ ಮೈ ಒರೆಸಿಕೊಂಡೆವು.

ಎಲ್ಲರೂ ಒಟ್ಟಿಗೆ ಕೂತು ಉಣ್ಣಬೇಕು ಎಂಬುದು ನಮ್ಮ ಮನೆಯಲ್ಲಿ ಅವ್ವನ ಕಾನೂನು. ಅದು ಮುಂಬೈಗೂ ಅನ್ವಯಿಸುತ್ತದೆಂದು ನಮಗೆ ಗೊತ್ತಿರಲಿಲ್ಲ. ಮಧ್ಯಾಹ್ನ ನಾವು ತಣ್ಣಗಿನ ಒಂದು ಹೋಟೆಲ್ಲಿನಲ್ಲಿ ಕೂತು, ಹೆಂಡತಿ ಪಟ್ಟಿಯಲ್ಲಿ ಓದಲು ಬಾರದ ಹೆಸರೊಂದಕ್ಕೆ ಬೆರಳಿಟ್ಟು, ತಾಟು ಬಂದು ಮುಂದೆ ಕೂತದ್ದೇ ವಿಡಿಯೋ ಕಾಲ್ ಬಂತು. ಮನೆಯಲ್ಲಿ ಫೋನನ್ನು ನೀರಿನ ತಂಬಿಗೆಗೆ ಆನಿಸಿ ಇಟ್ಟಿದ್ದರು. ಅವ್ವ, ತಮ್ಮ, ಮಗಳು ಸಾಲಾಗಿ ಕೂತಿದ್ದರು. ತಾಟಿನಲ್ಲಿ ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ.

"ಏನ್ ಉಣ್ಣಾಕತ್ತೀರಿ? ತೋರಸ್ರಿ," ಎಂದಳು ಅವ್ವ.

ಹೆಂಡತಿ ಫೋನನ್ನು ತಾಟಿನ ಮೇಲೆ ಬಗ್ಗಿಸಿದಳು. ಬಿಳಿಯ ಗಟ್ಟಿ ಸಾರಿನಲ್ಲಿ ಕೊಳವೆಯಂಥ ಶಾವಿಗೆ. ಅವ್ವ ಬಹಳ ಹೊತ್ತು ನೋಡಿದಳು.

"ಯಾರಿಗೆ ಆರಾಮಿಲ್ಲ?" ಎಂದಳು.

"ಎಲ್ಲಾರೂ ಆರಾಮ ಅದೇವ್ರಿ ಅತ್ತಿ. ಇದು ಪಾಸ್ತಾ ಅಂತ."

"ಖಾರ ಹಾಕಿಲ್ಲಲ್ಲ?"

"ಇದಕ್ಕ ಹಾಕೂದಿಲ್ರಿ."

ಎರಡೂ ಕಡೆ ಊಟ ಮುಗಿಯುವತನಕ ಕಾಲ್ ಕಟ್ ಆಗಲಿಲ್ಲ. ನಾನು ತಮ್ಮನ ಜೊತೆ ಮುರಗೋಡದಿಂದ ಬಂದಿದ್ದ ಒಂದು ಮೋಟರಿನ ಬಗ್ಗೆ ಮಾತಾಡಿದೆ. ಹೆಂಡತಿ ಮಗಳಿಗೆ ಮೊಸರಿನ ಪಾತ್ರೆ ಎಲ್ಲಿದೆ ಎಂದು ಹೇಳಿದಳು. ಪಕ್ಕದ ಟೇಬಲ್ಲಿನ ಹುಡುಗ ಹುಡುಗಿ ಒಂದೇ ಗ್ಲಾಸಿಗೆ ಎರಡು ಸ್ಟ್ರಾ ಹಾಕಿಕೊಂಡು ಕೂತಿದ್ದರು. ನಮ್ಮ ಟೇಬಲ್ಲಿನಲ್ಲಿ ಒಟ್ಟು ಐವರಿದ್ದೆವು.

ಸಂಜೆ ಸೂರ್ಯ ಮುಳುಗುವುದರೊಳಗೆ ಚೌಪಾಟಿಗೆ ಹೋಗಿ ಸಮುದ್ರ ನೋಡಬೇಕು ಎಂಬುದು ಹೆಂಡತಿಯ ಆಸೆ. ಅವಳು ಸಮುದ್ರ ನೋಡಿರಲಿಲ್ಲ. ಲೋಕಲ್ ರೈಲಿನಲ್ಲಿ ಹೋಗುವುದೆಂದಾಯಿತು. ಪ್ಲಾಟ್‌ಫಾರ್ಮಿನ ಜನ ನೋಡಿ, ಪ್ಯಾಂಟಿನ ಕಿಸೆಯಲ್ಲಿ ಮೊಬೈಲ್ ಉಳಿಯುವುದಿಲ್ಲ ಅನ್ನಿಸಿತು. ಅಂಗಿಗಂತೂ ಕಿಸೆ ಇಲ್ಲ. ಮೊಬೈಲನ್ನೂ ಓದುವ ಕನ್ನಡಕವನ್ನೂ ಅವಳ ಚೀಲಕ್ಕೆ ಹಾಕಿದೆ. ಅವಳು ಹೆಂಗಸರ ಡಬ್ಬಿಗೆ ಹತ್ತಿದಳು, ನಾನು ಅದರ ಪಕ್ಕದ್ದಕ್ಕೆ. ಎಲ್ಲಿ ಇಳಿಯಬೇಕೆಂದು ಮಗಳು ಅವಳ ಫೋನಿಗೆ ಕಳಿಸಿದ್ದಳು. ನಾನು ಕೇಳಿಟ್ಟುಕೊಳ್ಳಲಿಲ್ಲ. ಅವಳಿಗೆ ಗೊತ್ತಿದೆಯಲ್ಲ ಎಂದುಕೊಂಡೆ.

ನಡುವೆ ಒಂದು ಸ್ಟೇಷನ್ ಬಂತು. ನಾನು ಇಳಿಯಲಿಲ್ಲ. ನನ್ನನ್ನು ಇಳಿಸಿದರು. ಹಿಂದಿನಿಂದ ಬಂದ ಜನದ ರಭಸಕ್ಕೆ ಕಾಲು ನೆಲಕ್ಕೆ ತಾಗದೆಯೇ ಪ್ಲಾಟ್‌ಫಾರ್ಮಿನ ಮೇಲೆ ನಿಂತಿದ್ದೆ. ತಿರುಗಿ ಹತ್ತುವಷ್ಟರಲ್ಲಿ ರೈಲು ಹೊರಟಿತು. ಹೆಂಗಸರ ಡಬ್ಬಿ ನನ್ನ ಮುಂದೆಯೇ ಹಾದು ಹೋಯಿತು. ಅಲ್ಲಿ ಸೆರಗು ಹೊತ್ತವರು ಯಾರೂ ಕಾಣಲಿಲ್ಲ.

ಸಾವಿರಾರು ಜನ ನನ್ನ ಅಕ್ಕಪಕ್ಕದಲ್ಲಿ ಹರಿದು ಹೋಗುತ್ತಿದ್ದರು. ಬೈಲಹೊಂಗಲದ ಪೇಟೆಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಯಾರಾದರೂ ನಮಸ್ಕಾರ ಅನ್ನುತ್ತಾರೆ. ಇಲ್ಲಿ ನಾನು ಗಜ್ಜರಿ ಬಣ್ಣದ ಒಬ್ಬ ಮನುಷ್ಯ, ಅಷ್ಟೇ. ನನಗಿಂತ ಅವಳು ಎಲ್ಲಿ ಇಳಿದು ಹೇಗೆ ನಿಂತಿದ್ದಾಳೋ ಎಂಬ ಚಿಂತೆ ಹೆಚ್ಚಾಯಿತು. ಅವಳ ನಂಬರು ನನಗೆ ಬಾಯಿಗೆ ಬರುವುದಿಲ್ಲ. ಮಗಳದ್ದೂ ಬರುವುದಿಲ್ಲ. ಬರುವುದು ನನ್ನದೊಂದೇ, ಅಂಗಡಿಯ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದು.

ಟೈ ಕಟ್ಟಿದ್ದ ಒಬ್ಬ ಗೃಹಸ್ಥನಿಗೆ ಮರಾಠಿಯಲ್ಲಿ ವಿಷಯ ಹೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಫೋನ್ ಕೊಟ್ಟ. ನಾನು ನನಗೇ ಫೋನ್ ಹಚ್ಚಿದೆ.

"ನಮಸ್ಕಾರ್ರಿ," ಎಂದಳು ಹೆಂಡತಿ. ಮನೆಯಲ್ಲಿ ನನ್ನ ಫೋನ್ ಎತ್ತಿದಾಗ ಗಿರಾಕಿಗಳಿಗೆ ಹೇಳುವ ಅದೇ ದನಿ. "ಅವರು ಇಲ್ರಿ. ಊರಿಗೆ ಹೋಗ್ಯಾರ. ಮೋಟರ್ ಸುಟ್ಟಿದ್ರ ಅಂಗಡಿಗೆ ಒಯ್ರಿ, ಮೈದುನ ಅದಾರ."

"ನಾನ," ಎಂದೆ. ಆಚೆ ಪ್ಲಾಟ್‌ಫಾರ್ಮಿಗೆ ರೈಲು ಬರುತ್ತಿತ್ತು.

"ನಾನ ಅಂದ್ರ ಯಾರ್ರಿ? ಯಾವೂರು?"

"ಬೈಲಹೊಂಗಲ."

"ಬೈಲಹೊಂಗಲದಾಗ ಯಾರ ಪೈಕಿ?"

ನಾನು ಉತ್ತರ ಹುಡುಕುವಷ್ಟರಲ್ಲಿ, "ಆಮ್ಯಾಲ ಮಾಡ್ರಿ, ಗದ್ದಲದಾಗ ಅದೇನಿ," ಎಂದು ಇಟ್ಟುಬಿಟ್ಟಳು.

ಟೈ ಕಟ್ಟಿದವನು ಏನಂದಳು ಎಂದು ಕೇಳಿದ. ನಾನು ಮನೆಯಲ್ಲಿಲ್ಲವಂತೆ ಎಂದೆ. ಅವನು ಇನ್ನೊಮ್ಮೆ ಮಾಡಿ ಎಂದ.

ನಮ್ಮ ಮನೆಯಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ನಾನೂ ಅವಳ ಹೆಸರು ಹಿಡಿದು ಕರೆದವನಲ್ಲ. "ಏ, ಇಲ್ಲಿ ಕೇಳು" ಎನ್ನುತ್ತೇನೆ. ಇಲ್ಲವೆ ಮಗಳ ಹೆಸರು ಕೂಗುತ್ತೇನೆ, ಇಬ್ಬರಲ್ಲಿ ಒಬ್ಬರು ಬರುತ್ತಾರೆ. ಈಗ "ನಿನ್ನ ಗಂಡ" ಎಂದು ಹೇಳಬಹುದಿತ್ತು. ಆದರೆ ಗುರುತಿಲ್ಲದ ನಂಬರಿನಿಂದ ಹಾಗೆ ಹೇಳಿದವನಿಗೆ ಅವಳು ಏನು ಅನ್ನುತ್ತಾಳೆಂದು ನನಗೆ ಗೊತ್ತಿತ್ತು.

ಎರಡನೇ ಸಲ ಅವಳು ನಮಸ್ಕಾರ ಅನ್ನುವ ಮೊದಲೇ ನಾನು ಅವಳ ಹೆಸರು ಕೂಗಿದೆ. ಬರೀ ಹೆಸರು. ಗದ್ದಲ ಇತ್ತಲ್ಲ, ದನಿ ದೊಡ್ಡದಾಯಿತು. ಇಬ್ಬರು ಮೂವರು ತಿರುಗಿ ನೋಡಿದರು.



"ಎಲ್ಲಿ ಅದೀರಿ?" ಎಂದಳು.

ಟೈ ಕಟ್ಟಿದವನನ್ನು ಕೇಳಿ ಸ್ಟೇಷನ್ನಿನ ಹೆಸರು ಹೇಳಿದೆ.

"ಅಲ್ಲೇ ನಿಂದರ್ರಿ. ಹಂದಾಡಬ್ಯಾಡ್ರಿ. ನಾ ಬರತೇನಿ."

ನಾನು ಹಂದಾಡಲಿಲ್ಲ. ಒಂದು ಕಂಬಕ್ಕೆ ಆತು ನಿಂತೆ. ಆ ಗೃಹಸ್ಥ ತನ್ನ ರೈಲು ಹಿಡಿದು ಹೋದ. ಅವಳು ಹೇಗೆ ಬಂದಳು, ಯಾರನ್ನು ಕೇಳಿದಳು, ಯಾವ ಸೇತುವೆ ಹತ್ತಿ ಇಳಿದಳು, ನನಗೆ ತಿಳಿಯದು. ಜನದ ನಡುವೆ ಸೆರಗು, ಕಪ್ಪು ಕನ್ನಡಕ ಕಂಡವು. ಕತ್ತಲಾಗುತ್ತ ಬಂದಿದ್ದರೂ ಅವಳು ಕನ್ನಡಕ ತೆಗೆದಿರಲಿಲ್ಲ. ಹತ್ತಿರ ಬಂದ ಮೇಲೆ ಗೊತ್ತಾಯಿತು, ಅತ್ತಿದ್ದಳು. ನಾನು ಏನೋ ಹೇಳಲು ಹೋದೆ. ಅವಳು ನನ್ನ ಮುಂಗೈ ಹಿಡಿದುಕೊಂಡು, "ನಡ್ರಿ," ಎಂದಳು. ಮತ್ತೆ ರೈಲು ಹತ್ತಲಿಲ್ಲ. ಟ್ಯಾಕ್ಸಿಯಲ್ಲಿ ಹೋದೆವು. ಕೈ ಬಿಡಲಿಲ್ಲ.

ಚೌಪಾಟಿ ಮುಟ್ಟಿದಾಗ ಸೂರ್ಯ ಮುಳುಗಿಹೋಗಿತ್ತು. ಉಸುಕಿನ ಮೇಲೆ ಕೂತು ಪಾವ್ ಭಾಜಿ ತರಿಸಿದೆವು. ಒಂದು ತುತ್ತು ಬಾಯಿಗಿಡುವಷ್ಟರಲ್ಲಿ ಚೀಲದಲ್ಲಿ ಫೋನ್ ಬಡಿದುಕೊಂಡಿತು. ಮನೆಯಲ್ಲಿ ತಾಟು ಹಾಕಿದ್ದರು. ಹೆಂಡತಿ ಫೋನ್ ತೆಗೆದು ನೋಡಿದಳು, ತಿರುಗಿ ಚೀಲದೊಳಗಿಟ್ಟಳು.

"ಉಂಡ ಮ್ಯಾಲ ಮಾತಾಡಿದ್ರ ಆತು," ಎಂದಳು. ಈ ಮನೆಗೆ ಬಂದ ಮೇಲೆ ಅವ್ವನ ಕರೆಗೆ ಅವಳು ಓಗೊಡದೇ ಇದ್ದದ್ದನ್ನು ನಾನು ಕಂಡಿರಲಿಲ್ಲ.

ಭಾಜಿಯಲ್ಲಿ ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ಇಬ್ಬರೂ ಅದನ್ನು ಗಮನಿಸಿದೆವು, ಇಬ್ಬರೂ ಹೇಳಲಿಲ್ಲ.

"ಇನ್ನೊಮ್ಮೆ ಅನ್ರಿ," ಎಂದಳು.

"ಏನ?"

"ಫೋನ್ಯಾಗ ಅಂದ್ರಲ್ಲ, ಅದು."

ನಾನು ಅತ್ತಿತ್ತ ನೋಡಿದೆ. ನಮ್ಮೂರವರು ಯಾರೂ ಇರಲಿಲ್ಲ. ಅಂದೆ. ಈ ಸಲ ಸಣ್ಣ ದನಿಯಲ್ಲಿ. ಅವಳು ಪಾವ್ ಮುರಿಯುತ್ತ, "ಹೂಂ," ಎಂದಳು, ಅಂಗಡಿಯಲ್ಲಿ ಸಾಮಾನು ಸರಿಯಾಗಿದೆ ಎಂದು ಹೇಳುವವರ ಹಾಗೆ.

ಮರುದಿನ ಬೆಳಿಗ್ಗೆಯೇ ವಾಪಸು ಬಸ್ಸು ಹಿಡಿದೆವು. ಊರಿಗೆ ಬಂದ ದಿನ ರಾತ್ರಿ ಎಲ್ಲರೂ ಊಟಕ್ಕೆ ಕೂತೆವು. ಅವ್ವ ಎಣ್ಣೆಗಾಯಿ ಮಾಡಿದ್ದಳು. ಅಂದು ಸಂಜೆ ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದಳು.

ಹೆಂಡತಿ ತಟ್ಟನೆ, "ನಾ ರೈಲಿನ್ಯಾಗ ತಪ್ಪಿಸ್ಕೊಂಡಿದ್ನ್ರಿ ಅತ್ತಿ. ಇವರು ಹುಡಕಿ ಕರಕೊಂಡು ಬಂದ್ರು," ಎಂದಳು.

ಮಗಳು ನನ್ನ ಕಡೆ ಮೆಚ್ಚುಗೆಯಿಂದ ನೋಡಿದಳು. ಆ ನೋಟ ಇನ್ನೊಂದು ತುತ್ತಿನತನಕ ಇದ್ದಿದ್ದರೂ ಚೆನ್ನಾಗಿತ್ತು. ಆದರೆ ನಾನು ಮುರಿದ ರೊಟ್ಟಿಯನ್ನು ತಾಟಿನಲ್ಲೇ ಇಟ್ಟೆ.

"ಅಕಿ ಅಲ್ಲ. ತಪ್ಪಿಸ್ಕೊಂಡಾಂವ ನಾನು. ಹುಡುಕಿದಾಕಿ ಅಕಿ," ಎಂದೆ.

"ಅದು ಗೊತ್ತೈತಿ," ಎಂದಳು ಅವ್ವ. "ಉಣ್ಣು."

ಆಮೇಲೆ ಅವಳು ಸೊಸೆಯ ಕಡೆ ತಿರುಗಿ, ಸಮುದ್ರ ಹೇಗಿತ್ತು ಎಂದು ಕೇಳಿದಳು. ಅವ್ವನೂ ಸಮುದ್ರ ನೋಡಿದವಳಲ್ಲ.

"ಕತ್ತಲಾಗಿತ್ತ್ರಿ," ಎಂದಳು ಹೆಂಡತಿ. "ಕಾಣಲಿಲ್ಲ. ಸಪ್ಪಳ ಕೇಳಕೋಂತ ಕುಂತಿದ್ವಿ."